ಬೆಳಗ್ಗೆ 24, ಮಧ್ಯಾಹ್ನ 33: ಮನೆಯ ಹೈಡ್ರೋಪೋನಿಕ್ಸ್‌ನಲ್ಲಿ ಬಿಸಿಯಾದ ನೀರಿನ ಒಂದು ಪ್ರಕರಣ

ತಾರಸಿಯ ಮೇಲೆ ನಾಲ್ಕು ಪಿವಿಸಿ ಪೈಪು, ಪಕ್ಕದ ಗೋಡೆಯ ನೆರಳಿನಲ್ಲಿ 60 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಅದರೊಳಗೆ ಮುಳುಗಿಸಿಟ್ಟ 18 ವ್ಯಾಟಿನ ಪಂಪು. ಮನೆಯಲ್ಲಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಪೋಷಕಾಂಶ ಬೆರೆಸಿದ ನೀರಿನಲ್ಲಿ ಗಿಡ ಬೆಳೆಸುವ ಕೆಲಸ, ಮಾಡುವವರು ಹೆಚ್ಚಾಗಿ ಶುರು ಮಾಡುವುದು ಇಂಥ ಜೋಡಣೆಯಿಂದಲೇ. ಪಂಪು ಪೋಷಕ ದ್ರಾವಣವನ್ನು ಪೈಪಿನ ಮೇಲ್ತುದಿಗೆ ಎತ್ತುತ್ತದೆ. ಅದು ಬೇರುಗಳ ಅಡಿಯಲ್ಲಿ ತೆಳ್ಳಗೆ ಹರಿದು ಮತ್ತೆ ಟ್ಯಾಂಕಿಗೆ ಬೀಳುತ್ತದೆ. ಎನ್‌ಎಫ್‌ಟಿ (ನ್ಯೂಟ್ರಿಯೆಂಟ್ ಫಿಲ್ಮ್ ಟೆಕ್ನಿಕ್) ಎನ್ನುವುದು ಇದಕ್ಕೇ. ಒಂದೊಂದು ಪೈಪಿಗೆ ನಿಮಿಷಕ್ಕೆ ಒಂದು ಲೀಟರಿನಂತೆ ಒಟ್ಟು ನಾಲ್ಕು ಲೀಟರಿನ ಹರಿವು. ಮೂರು ಪೈಪುಗಳಲ್ಲಿ ಲೆಟ್ಯೂಸ್, ಒಂದರಲ್ಲಿ ಬೇಸಿಲ್. ತಂಪಿನ ತಿಂಗಳುಗಳಲ್ಲಿ ಬೆಳೆ ಚೆನ್ನಾಗಿಯೇ ಬಂದಿತ್ತು.

ಬಿಸಿಲು ಏರಿದ ಮೇಲೆ ಲೆಟ್ಯೂಸ್ ಮಧ್ಯಾಹ್ನ ಬಾಡತೊಡಗಿತು. ಹನ್ನೊಂದರವರೆಗೆ ನೆಟ್ಟಗಿರುತ್ತಿದ್ದ ಎಲೆ ಒಂದು ಗಂಟೆಗೆ ಜೋತು ಬೀಳುವುದು, ಸಂಜೆ ಮತ್ತೆ ಏಳುವುದು. ಕೆಲವು ದಿನಗಳ ನಂತರ ಸಂಜೆಯೂ ಏಳದ ಗಿಡಗಳು ಕಾಣಿಸಿದವು. ಗಿಡ ಕೂರಿಸಿದ ಜಾಲರಿ ಬಟ್ಟಲು, ಅಂದರೆ ನೆಟ್ ಕಪ್, ಎತ್ತಿ ನೋಡಿದರೆ, ಬಿಳಿಯಾಗಿರಬೇಕಾದ ಬೇರು ಕಂದು ತಿರುಗಿ ಲೋಳೆಯಾಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಹೊರಪದರ ಕಳಚಿ ಕೈಗೆ ಬಂದು, ನಡುವಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತಿತ್ತು. ಜೊತೆಗೆ ಕೊಳೆತ ವಾಸನೆ. ಬೇಸಿಲ್ ಮಾತ್ರ ಅಷ್ಟಾಗಿ ಸೊರಗಿರಲಿಲ್ಲ. ಅದು ಸೆಕೆಯನ್ನು ಲೆಟ್ಯೂಸ್‌ಗಿಂತ ಚೆನ್ನಾಗಿ ತಡೆಯುವ ಗಿಡ.

ಗಿಡ ಬೆಳೆಸಿದಾಕೆ ಅಚ್ಚುಕಟ್ಟಿನವರು. ದಿನಾ ಬೆಳಗ್ಗೆ ಪಿಎಚ್, ಇಸಿ (ನೀರಿನಲ್ಲಿ ಗೊಬ್ಬರ ಎಷ್ಟು ಕರಗಿದೆ ಎಂದು ಸೂಚಿಸುವ ವಿದ್ಯುತ್ ವಾಹಕತೆ), ನೀರಿನ ತಾಪಮಾನ, ಟ್ಯಾಂಕಿಗೆ ಎಷ್ಟು ನೀರು ತುಂಬಿಸಿದೆ ಎನ್ನುವುದು, ನಾಲ್ಕನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನೀರು ಬಿಸಿಯಾಗುತ್ತಿರಬಹುದು ಎಂದು ನಾನು ಹೇಳಿದಾಗ ಆ ಪುಟಗಳನ್ನೇ ಮುಂದಿಟ್ಟು ಕೇಳಿದರು: “ದಿನಾ ನೋಡ್ತೀನಿ, 24 ಡಿಗ್ರಿ ದಾಟೇ ಇಲ್ಲ. ಲೆಟ್ಯೂಸ್‌ಗೆ 24ರವರೆಗೂ ನಡೆಯುತ್ತೆ ಅಲ್ವಾ?” ಮಾತು ಸರಿಯೇ. ಲೆಟ್ಯೂಸ್ ಬೇರಿಗೆ 18ರಿಂದ 22 ಡಿಗ್ರಿ ಹಿತ, 24ರವರೆಗೂ ಅದು ಸಂಭಾಳಿಸುತ್ತದೆ. ಆದರೆ ಬರೆದಿದ್ದ ಅಂಕಿಗಳೆಲ್ಲ ಬೆಳಗಿನ ಏಳು ಗಂಟೆಯವು. ದಿನದಲ್ಲಿ ನೀರು ಅತ್ಯಂತ ತಣ್ಣಗಿರುವ ಹೊತ್ತದು.

ಆ ನೋಟ್‌ಬುಕ್ಕಿನಲ್ಲಿ ಕಾಯಿಲೆಯ ಸುಳಿವು ಇತ್ತು, ಆದರೆ ತಾಪಮಾನದ ಸಾಲಿನಲ್ಲಲ್ಲ, ನೀರು ತುಂಬಿಸಿದ ಸಾಲಿನಲ್ಲಿ. ಬಿಸಿಲು ಏರುತ್ತಾ ಹೋದಂತೆ ಗಿಡಗಳು ಕುಡಿಯುವ ನೀರು ಹೆಚ್ಚುತ್ತಾ ಹೋಗಿತ್ತು, ಅದು ಸಹಜ. ಆಮೇಲೆ ಬಿಸಿಲು ಇಳಿಯದಿದ್ದರೂ ತುಂಬಿಸುವ ನೀರು ಕಡಿಮೆಯಾಗತೊಡಗಿತ್ತು. ಸುಡುಬಿಸಿಲಿನಲ್ಲಿ ಟ್ಯಾಂಕಿನ ಮಟ್ಟ ಇಳಿಯುತ್ತಿಲ್ಲವೆಂದರೆ ಬೇರು ಕುಡಿಯುವುದನ್ನು ನಿಲ್ಲಿಸಿದೆ ಎಂದರ್ಥ. ಎಲೆ ಬಾಡುವುದಕ್ಕೆ ಮುಂಚೆಯೇ ಇದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಮನೆಯ ವ್ಯವಸ್ಥೆಯಲ್ಲಿ ಇಷ್ಟು ಅಗ್ಗದ, ಇಷ್ಟು ನಂಬಬಹುದಾದ ಅಳತೆ ಇನ್ನೊಂದಿಲ್ಲ.

ಇನ್ನೊಂದು ಸುಳಿವು ಇಸಿ ಮೀಟರಿನಲ್ಲಿತ್ತು. ಅಪರೂಪಕ್ಕೆ ಮಧ್ಯಾಹ್ನ ನೋಡಿದಾಗೆಲ್ಲ, ಬೆಳಗ್ಗೆ 1.4 ಇದ್ದ ಇಸಿ 1.6 ದಾಟಿರುತ್ತಿತ್ತು. ಗೊಬ್ಬರ ಹೆಚ್ಚಾಯಿತೆಂದು ಬರೀ ನೀರು ಸೇರಿಸಿ ತೆಳುಮಾಡಿದ್ದರು. ದ್ರಾವಣದ ವಿದ್ಯುತ್ ವಾಹಕತೆ ಒಂದು ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು ಏರುತ್ತದೆ. ಒಳ್ಳೆಯ ಮೀಟರು ಅದನ್ನು 25 ಡಿಗ್ರಿಗೆ ಸರಿಹೊಂದಿಸಿ ತೋರಿಸುತ್ತದೆ. ಈ ಮೀಟರಿನಲ್ಲಿ ಆ ಸೌಲಭ್ಯ ಇರಲಿಲ್ಲ. ಹಾಗಾಗಿ ಅದು ತೋರಿಸುತ್ತಿದ್ದ ಏರಿಕೆ ಗೊಬ್ಬರದ್ದಲ್ಲ, ಬಹುಮಟ್ಟಿಗೆ ಬಿಸಿಯದ್ದು.

ಬಿಸಿಯೇ ಕಾರಣವಿರಬಹುದೆಂಬ ಅನುಮಾನ ಬಂದಾಗ ಆಕೆ ಕೈಗೊಂಡ ಉಪಾಯಗಳು ಎಲ್ಲರೂ ಮಾಡುವಂಥವೇ. ಮೊದಲು ನೀರಿಗೆ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಎರಡನೆಯದನ್ನು ಹಾಕಿದರು. ಆಮೇಲೆ ದಿನಕ್ಕೆ ಒಂದೊಂದು ಲೀಟರಿನ ಎರಡು ಬಾಟಲಿ ಐಸು ಟ್ಯಾಂಕಿಗೆ ಇಳಿಸಿದರು. ಕೊನೆಗೆ ಟ್ಯಾಂಕಿಗೆ ಸುತ್ತಲೂ ಮತ್ತು ಮುಚ್ಚಳಕ್ಕೂ 25 ಮಿಲಿಮೀಟರಿನ ಥರ್ಮೋಕೋಲ್ ಕಟ್ಟಿದರು. ಥರ್ಮೋಕೋಲ್ ಕಟ್ಟಿದ ಮೇಲೆ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಬೆಳಗಿನ 24 ಡಿಗ್ರಿ ಕೆಲವೇ ದಿನಗಳಲ್ಲಿ 27ಕ್ಕೆ ಏರಿತು. ಕಾವು ತಡೆಯಲೆಂದು ಕಟ್ಟಿದ್ದು ನೀರನ್ನು ಬಿಸಿ ಮಾಡುತ್ತಿದೆ ಎಂದರೆ ಯಾರಿಗಾದರೂ ತಲೆ ಕೆಡುವಂಥದ್ದೇ.

ಅಳೆದಾಗ

ಒಂದೇ ದಿನ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಎರಡು ಕಡೆ ತಾಪಮಾನ ಹಿಡಿದೆವು: ಪಂಪಿನಿಂದ ಪೈಪಿಗೆ ಹೋಗುವ ನೀರು, ಪೈಪಿನಿಂದ ಟ್ಯಾಂಕಿಗೆ ಮರಳುವ ನೀರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಎರಡು ಥರ್ಮಾಮೀಟರು ಇಟ್ಟರೆ ಅವೆರಡರ ನಡುವೆಯೇ ಅರ್ಧ ಡಿಗ್ರಿ ವ್ಯತ್ಯಾಸವಿರಬಹುದು, ನಾವು ಹುಡುಕುವ ಅಂತರವೂ ಅಷ್ಟೇ. 0.1 ಡಿಗ್ರಿ ತೋರಿಸುವ ಒಂದೇ ಡಿಜಿಟಲ್ ಥರ್ಮಾಮೀಟರನ್ನು ಎರಡೂ ಕಡೆ ಬಳಸುವುದು ಕ್ಷೇಮ.

ಮಧ್ಯಾಹ್ನ ಮೂರಕ್ಕೆ ಟ್ಯಾಂಕಿನ ನೀರು 33 ಡಿಗ್ರಿ. ಗಾಳಿ 34. ಬಿಸಿಲು ನೆತ್ತಿಗೆ ಬಂದಿದ್ದ ಒಂದು ಗಂಟೆಗೆ, ಹೋಗುವ ನೀರಿಗಿಂತ ಮರಳುವ ನೀರು 0.6 ಡಿಗ್ರಿ ಹೆಚ್ಚು ಬಿಸಿ.

ಅರ್ಧ ಚಿಲ್ಲರೆ ಡಿಗ್ರಿ ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ನಿಮಿಷಕ್ಕೆ ನಾಲ್ಕು ಲೀಟರಿನಂತೆ 60 ಲೀಟರು ಕಾಲು ಗಂಟೆಗೊಂದು ಸುತ್ತು ಹಾಕುತ್ತದೆ. ಗಂಟೆಗೆ ನಾಲ್ಕು ಸುತ್ತು, ಸುತ್ತಿಗೆ 0.6 ಡಿಗ್ರಿ, ಗಂಟೆಗೆ 2.4 ಡಿಗ್ರಿ ಏರಿಕೆ ಪೈಪಿನಿಂದಲೇ ಬರುತ್ತಿತ್ತು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಬೇಕು. ನಾಲ್ಕು ಲೀಟರಿಗೆ 0.6 ಡಿಗ್ರಿ ಎಂದರೆ ನಿಮಿಷಕ್ಕೆ 10 ಕಿಲೋಜೂಲ್, ಅಂದರೆ ಸುಮಾರು 170 ವ್ಯಾಟ್. ಪೈಪುಗಳು ಮೂಲತಃ ಬಿಳಿ. ಆದರೆ ಧೂಳು, ಪಾಚಿ ಹಿಡಿದು ಬೂದು ಬಣ್ಣಕ್ಕೆ ತಿರುಗಿದ್ದವು. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ, ಅದರಲ್ಲಿ ಇಷ್ಟು ಪಾಲು ನೀರಿಗಿಳಿದರೆ ಆಶ್ಚರ್ಯವಿಲ್ಲ. ಪೈಪಿನೊಳಗೆ ನೀರು ತೆಳುವಾಗಿ ಹರಡಿಕೊಂಡು ಹರಿಯುವುದೇ ಎನ್‌ಎಫ್‌ಟಿಯ ಜೀವಾಳ. ಬೇರಿಗೆ ಗಾಳಿ ಸಿಗುವುದು ಅದರಿಂದಲೇ, ನೀರಿಗೆ ಬಿಸಿಲು ತಟ್ಟುವುದೂ ಅದರಿಂದಲೇ. ಸೋಲಾರ್ ವಾಟರ್ ಹೀಟರಿನ ರಚನೆ ಇದಕ್ಕಿಂತ ಹೆಚ್ಚೇನೂ ಬೇರೆಯಲ್ಲ.

ಉಳಿದ ದಾರಿಗಳನ್ನೂ ಲೆಕ್ಕ ಹಾಕಿದೆವು. ಥರ್ಮೋಕೋಲ್ ಇಲ್ಲದಿದ್ದಾಗ ಟ್ಯಾಂಕಿನ ಗೋಡೆಯ ಮೂಲಕ ಒಳಬರುತ್ತಿದ್ದುದು ಹೆಚ್ಚೆಂದರೆ 30 ವ್ಯಾಟಿನ ಆಸುಪಾಸು. ಮುಳುಗಿರುವ ಪಂಪಿನ 18 ವ್ಯಾಟ್ ಬಹುತೇಕ ಪೂರ್ತಿ ನೀರಿಗೇ ಸೇರುತ್ತದೆ. ಇದನ್ನು ಯಾರೂ ಎಣಿಸುವುದಿಲ್ಲ, ಆದರೆ ಅದು ಪಂಪು ಓಡುವಷ್ಟು ಹೊತ್ತೂ ಬೀಳುವ ಕಾವು. ಪಂಪು ಹಗಲೂ ರಾತ್ರಿ ಓಡಿ, ಕಾವು ಹೊರಹೋಗಲು ದಾರಿಯೇ ಇಲ್ಲದಿದ್ದರೆ ಇಡೀ ದಿನಕ್ಕೆ ಈ 60 ಲೀಟರನ್ನು 6 ಡಿಗ್ರಿ ಏರಿಸಲು ಸಾಕು. ಏರ್ ಪಂಪು ಬಿಸಿಗಾಳಿ ಊದಿ ನೀರು ಕಾಯಿಸುತ್ತದೆ ಎಂಬ ಭಯ ಹಲವರಿಗಿದೆ. ನಿಮಿಷಕ್ಕೆ ನಾಲ್ಕಾರು ಲೀಟರ್ ಗಾಳಿ ಹೊತ್ತು ತರುವ ಕಾವು ಒಂದು ವ್ಯಾಟಿನ ಆಚೀಚೆ. ಬಿಟ್ಟುಬಿಡಬಹುದು.

ಥರ್ಮೋಕೋಲ್ ಯಾಕೆ ತಿರುಗಿಬಿತ್ತು ಎನ್ನುವುದಕ್ಕೆ ಉತ್ತರವೂ ಈ ಲೆಕ್ಕದಲ್ಲೇ ಇದೆ. ಹಗಲಿನ ಕಾವು ಬರುತ್ತಿದ್ದುದು ಪೈಪಿನಿಂದ. ಆ ಬಾಗಿಲು ತೆರೆದೇ ಇತ್ತು. ರಾತ್ರಿ ಕಾವು ಹೊರಹೋಗುತ್ತಿದ್ದುದು ಟ್ಯಾಂಕಿನ ಗೋಡೆಯಿಂದ. ಯಾಕೆಂದರೆ ವಿದ್ಯುತ್ ಉಳಿಸಲೆಂದು ರಾತ್ರಿ ಪಂಪನ್ನು ಗಂಟೆಗೆ ಕಾಲು ಗಂಟೆ ಮಾತ್ರ ಓಡುವಂತೆ ಟೈಮರಿಗೆ ಹಾಕಿದ್ದರು. ಥರ್ಮೋಕೋಲ್ ಮುಚ್ಚಿದ್ದು ಈ ಎರಡನೇ ಬಾಗಿಲನ್ನು. ಥರ್ಮೋಕೋಲಿಗೆ ಒಳಗು ಹೊರಗು ಎಂಬ ಭೇದವಿಲ್ಲ, ಕಾವು ಯಾವ ಕಡೆ ಹೊರಟರೂ ಅದು ತಡೆಯುತ್ತದೆ. ಹೀಗಾಗಿ ಹಗಲಲ್ಲಿ ಕಾದ ನೀರು ಬೆಳಗಿನವರೆಗೂ ಕಾವು ಹಿಡಿದು ಕೂತಿರುತ್ತಿತ್ತು.

ಐಸಿನ ಲೆಕ್ಕವನ್ನೂ ನೋಡಿ. ಒಂದು ಕಿಲೋ ಐಸು ಕರಗಲು 334 ಕಿಲೋಜೂಲ್ ಹೀರುತ್ತದೆ. ಫ್ರೀಜರಿನ ಚಳಿಯಿಂದ ಸೊನ್ನೆಗೆ ಏರುವುದು, ಕರಗಿದ ಮೇಲೆ ಟ್ಯಾಂಕಿನ ತಾಪಮಾನಕ್ಕೆ ಬರುವುದು ಇವೆರಡನ್ನೂ ಸೇರಿಸಿದರೆ ಸುಮಾರು 475. ಎರಡು ಬಾಟಲಿಗೆ 950. ಈ ಟ್ಯಾಂಕನ್ನು 3.8 ಡಿಗ್ರಿ ಇಳಿಸುವಷ್ಟು ತಂಪು ಅದು, ಕಡಿಮೆಯೇನಲ್ಲ. ಆದರೆ ನಡುಹಗಲಿನಲ್ಲಿ 200 ವ್ಯಾಟಿಗೂ ಮೀರಿ ಕಾವು ಒಳಬರುತ್ತಿರುವಾಗ ಗಂಟೆಗೆ 700ಕ್ಕೂ ಹೆಚ್ಚು ಕಿಲೋಜೂಲ್ ಸೇರುತ್ತದೆ. ಎರಡು ಬಾಟಲಿಯ ತಂಪು ಒಂದೂಕಾಲು ಗಂಟೆಯಲ್ಲಿ ಮುಗಿಯಿತು. ಹೆಚ್ಚು ಬಾಟಲಿ ಹಾಕುವುದೊಂದೇ ಮದ್ದು ಎಂದುಕೊಂಡವರು ಫ್ರೀಜರಿನ ದಾಸರಾಗುತ್ತಾರೆ. (ಐಸನ್ನು ಬಾಟಲಿಯಲ್ಲೇ ಮುಚ್ಚಿ ಇಡಬೇಕು. ಸಡಿಲ ಐಸು ಹಾಕಿದರೆ ದ್ರಾವಣ ತೆಳುವಾಗುತ್ತದೆ.)

ಬೇರಿಗೆ ಆದದ್ದೇನು

ಬಿಸಿ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ, ಅದಕ್ಕೇ ಬೇರು ಸಾಯುತ್ತದೆ ಎಂಬ ಮಾತು ಹೈಡ್ರೋಪೋನಿಕ್ಸ್ ಮಂದಿಯ ಬಾಯಲ್ಲಿ ಮಂತ್ರದಂತೆ ಓಡಾಡುತ್ತದೆ. ಅರ್ಧ ಸತ್ಯ. ಗಾಳಿಯೊಂದಿಗೆ ಚೆನ್ನಾಗಿ ಬೆರೆತ ಶುದ್ಧ ನೀರು 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30ರಲ್ಲಿ 7.6. ಇಳಿಕೆ ಆರನೇ ಒಂದು ಪಾಲು, ಅಷ್ಟೇ. 33ರಲ್ಲೂ 7ಕ್ಕಿಂತ ಮೇಲೇ ಇರುತ್ತದೆ. ಬರೀ ಇದರಿಂದ ಬೇರು ಸಾಯಬೇಕಿಲ್ಲ.

ದೊಡ್ಡ ಬದಲಾವಣೆ ಬೇಡಿಕೆಯ ಕಡೆಯದು. ಹತ್ತು ಡಿಗ್ರಿ ಏರಿದರೆ ಬೇರಿನ ಉಸಿರಾಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇರಿನ ಸುತ್ತ ಬದುಕುವ ಸೂಕ್ಷ್ಮಜೀವಿಗಳ ಉಸಿರಾಟವೂ ಹಾಗೆಯೇ. ಪೈಪಿನ ತುಂಬ ಹೆಣೆದುಕೊಂಡ ಬೇರಿನ ಜಡೆಯ ಒಳಗಡೆ ನೀರು ನಿಧಾನವಾಗಿ ಚಲಿಸುತ್ತದೆ. ಅಲ್ಲಿ ಆಮ್ಲಜನಕ ಬಂದು ಸೇರುವುದಕ್ಕಿಂತ ಬೇಗ ಖರ್ಚಾಗಿಬಿಡುತ್ತದೆ. ಎರಡನೇ ಏರ್‌ಸ್ಟೋನ್ ಉಪಯೋಗಕ್ಕೆ ಬಾರದೇ ಹೋದದ್ದು ಇದಕ್ಕೇ. ಟ್ಯಾಂಕಿನ ನೀರು ಆ ತಾಪಮಾನದಲ್ಲಿ ಹಿಡಿಯಬಹುದಾದಷ್ಟು ಆಮ್ಲಜನಕವನ್ನು ಆಗಲೇ ಹಿಡಿದಿತ್ತು. ಮಿತಿ ತಲುಪಿದ ಮೇಲೆ ಎಷ್ಟು ಗುಳ್ಳೆ ಬಿಟ್ಟರೂ ಅಷ್ಟೇ.

ಮೂರನೆಯದು ಪಿಥಿಯಂ, ಬೇರು ಕೊಳೆಸುವ ರೋಗಾಣು. ನೋಡಲು ಶಿಲೀಂಧ್ರದಂತಿದ್ದರೂ ಇದು ಶಿಲೀಂಧ್ರವಲ್ಲ, ಊಮೈಸೀಟ್ ಗುಂಪಿನ ಜೀವಿ. ಇದರ ಬೀಜಾಣುಗಳಿಗೆ ಬಾಲವಿದೆ, ನೀರಿನಲ್ಲಿ ಈಜಿಕೊಂಡು ಬೇರು ಹುಡುಕುತ್ತವೆ. ಒಂದೇ ನೀರು ಎಲ್ಲ ಗಿಡಗಳನ್ನು ಸುತ್ತಿಬರುವ ವ್ಯವಸ್ಥೆ ಅದಕ್ಕೆ ಹೇಳಿ ಮಾಡಿಸಿದ್ದು. ಇದರಲ್ಲಿ ತಂಪಿನಲ್ಲಿ ಬೆಳೆಯುವ ಜಾತಿಗಳೂ ಇವೆ, ಆದರೆ ಪಿಥಿಯಂ ಅಫನಿಡರ್ಮಾಟಮ್‌ನಂಥವು ಸೆಕೆಯಲ್ಲಿ ಅಬ್ಬರಿಸುತ್ತವೆ. ಈ ಪ್ರಕರಣದಲ್ಲಿ ಪ್ರಯೋಗಾಲಯದ ಪರೀಕ್ಷೆ ಆಗಲಿಲ್ಲ. ಹೊರಪದರ ಕಳಚಿ ನೂಲು ಉಳಿಯುವ ಲಕ್ಷಣ ಪಿಥಿಯಂನತ್ತ ಬೊಟ್ಟು ಮಾಡುತ್ತದೆ, ಆದರೆ ಉಸಿರುಗಟ್ಟಿ ಸತ್ತ ಬೇರು ಕೊಳೆತಾಗಲೂ ಅದು ಕಂದಾಗಿಯೇ ಕಾಣುತ್ತದೆ. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ ಆದ್ದರಿಂದ ತಡೆದು ನಿಲ್ಲಬೇಕಾದ ಅಗತ್ಯ ಬರಲಿಲ್ಲ.

ಸರಿಪಡಿಸಿದ ಬಗೆ

ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಕೊಳ್ಳುವ ಮಾತು ಬಂದಿತ್ತು. ಇನ್ನೂರು ವ್ಯಾಟ್ ಕಾವು ಒಳಸುರಿಯುತ್ತಿರುವ ಟ್ಯಾಂಕಿಗೆ ಚಿಲ್ಲರ್ ಜೋಡಿಸಿದರೆ ಅದು ಬಿಸಿಲಿನ ಜೊತೆ ಜಗಳ ಆಡುತ್ತಾ ಮಧ್ಯಾಹ್ನವಿಡೀ ಓಡಬೇಕಾಗುತ್ತಿತ್ತು. ವಿದ್ಯುತ್ ಹರಿಸಿದರೆ ಒಂದು ಬದಿ ತಣ್ಣಗಾಗುವ ಫಲಕದ ಪೆಲ್ಟಿಯರ್ ಕೂಲರ್ ಇನ್ನೂ ದುರ್ಬಲ. ಸಾಮಾನ್ಯವಾಗಿ ಅದು ಹೊರಹಾಕುವ ಕಾವಿಗಿಂತ ತಿನ್ನುವ ವಿದ್ಯುತ್ತೇ ಹೆಚ್ಚು. ಮೊದಲು ಕಾವು ಬರುವ ದಾರಿ ಕಟ್ಟೋಣ, ಆಮೇಲೂ ಬೇಕೆನಿಸಿದರೆ ಯಂತ್ರ ನೋಡೋಣ ಎಂದು ತೀರ್ಮಾನವಾಯಿತು.

ಪೈಪುಗಳನ್ನು ತಿಕ್ಕಿ ತೊಳೆದು ಬಿಳುಪು ಮರಳಿಸಿದರು. ಪ್ರತಿ ಪೈಪಿನ ಮೇಲೆ ಗಿಡಕ್ಕೆ ತೂತು ಬಿಟ್ಟ ಬಿಳಿ ಪ್ಲಾಸ್ಟಿಕ್ ಹಲಗೆ. ಹಲಗೆ ಪೈಪಿಗೆ ಅಂಟಿಕೊಂಡಿರಬಾರದು, ನಡುವೆ ಎರಡು ಬೆರಳಿನಷ್ಟು ಸಂದು ಇರಬೇಕು. ಹಲಗೆಗೆ ತಟ್ಟಿದ ಕಾವನ್ನು ಆ ಸಂದಿನ ಗಾಳಿ ಹೊತ್ತೊಯ್ಯುತ್ತದೆ. ಪೈಪಿಗೆ ಹೊಳೆಯುವ ಹಾಳೆ ಸುತ್ತುವವರಿದ್ದಾರೆ. ಅದೂ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಆದರೆ ಧೂಳು ಕೂತ ಮೇಲೆ ಮಂಕಾಗುತ್ತದೆ, ಮೈಗೆ ಅಂಟಿಕೊಂಡಿರುವುದರಿಂದ ಹೀರಿದ ಕಾವು ನೇರ ಪೈಪಿಗೇ ಇಳಿಯುತ್ತದೆ. ನನ್ನ ಮತ ಸಂದು ಬಿಟ್ಟ ನೆರಳಿಗೇ.

ಎಲ್ಲದರ ಮೇಲೆ, ತಲೆಗಿಂತ ಎತ್ತರದಲ್ಲಿ, ಶೇಕಡಾ 50ರ ಬಿಳಿ ಶೇಡ್ ನೆಟ್. ಬೆಳಕು ಕಡಿಮೆಯಾದರೆ ಬೆಳೆ ಕುಗ್ಗುವುದಿಲ್ಲವೇ ಎಂಬ ಆತಂಕ ಆಕೆಗಿತ್ತು. ಲೆಟ್ಯೂಸ್‌ಗೆ ದಿನಕ್ಕೆ ಒಂದು ಚದರ ಮೀಟರಿಗೆ 15 ಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಅಳತೆ) ಆಸುಪಾಸಿನ ಬೆಳಕು ಸಾಕು. ಮೋಡವಿಲ್ಲದ ಬೇಸಗೆಯ ದಿನ ತೆರೆದ ತಾರಸಿಗೆ 40 ಮೋಲ್‌ಗೂ ಹೆಚ್ಚು ಸಿಗುತ್ತದೆ. ಅರ್ಧ ತಡೆದರೂ ಬೇಕಾದದ್ದಕ್ಕಿಂತ ಹೆಚ್ಚೇ ಉಳಿಯುತ್ತದೆ.

ಟ್ಯಾಂಕಿನ ಥರ್ಮೋಕೋಲ್ ತೆಗೆಯಲಿಲ್ಲ. ಬದಲಿಗೆ ಅಡಿಗೂ ಒಂದು ಪದರ ಹಾಸಿದೆವು, ತಾರಸಿಯ ಕಾಂಕ್ರೀಟು ಮಧ್ಯಾಹ್ನ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಬದಲಾದದ್ದು ರಾತ್ರಿಯ ಕ್ರಮ. ಸೂರ್ಯ ಮುಳುಗಿದ ಮೇಲೆ ಪಂಪು ನಿಲ್ಲದೆ ಓಡುತ್ತದೆ. ಹಗಲಲ್ಲಿ ಕಾವು ಹೀರುತ್ತಿದ್ದ ಪೈಪುಗಳೇ ರಾತ್ರಿ ಕಾವು ಬಿಡುವ ಕೆಲಸ ಮಾಡುತ್ತವೆ. ಮುಚ್ಚಳ ತೆಗೆದು ಸೊಳ್ಳೆ ಪರದೆ ಬಿಗಿದು, ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಡುತ್ತಾರೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2430 ಕಿಲೋಜೂಲ್ ಕಾವು ಹೊತ್ತೊಯ್ಯುತ್ತದೆ, ಅದು ಐದು ಕಿಲೋ ಐಸಿಗೆ ಸಮ. ಒಂದು ಲೋಟದಷ್ಟು, ಅಂದರೆ 200 ಮಿಲಿಲೀಟರ್ ಆವಿಯಾದರೂ ಈ ಟ್ಯಾಂಕು 2 ಡಿಗ್ರಿ ತಣಿಯುತ್ತದೆ. ಸೂರ್ಯ ಹುಟ್ಟಿದೊಡನೆ ಮುಚ್ಚಳ ಹಾಕಲೇಬೇಕು, ಇಲ್ಲದಿದ್ದರೆ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ.

ಹಗಲಿನಲ್ಲಿ ಪಂಪನ್ನು ಆಗಾಗ ನಿಲ್ಲಿಸಿದರೆ ಕಾವು ಕಡಿಮೆ ಬರುವುದಿಲ್ಲವೇ? ಟ್ಯಾಂಕಿಗೆ ಕಡಿಮೆ ಬರುತ್ತದೆ, ನಿಜ. ಆದರೆ ಹರಿವು ನಿಂತ ಪೈಪಿನೊಳಗೆ ಬೇರು ಬೇಯುತ್ತದೆ. ನಾವು ಕಾಪಾಡಬೇಕಾದದ್ದು ಬೇರನ್ನು, ಟ್ಯಾಂಕನ್ನಲ್ಲ. ಹಾಗಾಗಿ ಹಗಲಲ್ಲೂ ಹರಿವು ನಿಲ್ಲಿಸಲಿಲ್ಲ. 18 ವ್ಯಾಟಿನ ಪಂಪು ಅಗತ್ಯಕ್ಕಿಂತ ದೊಡ್ಡದಿತ್ತು, ವಾಲ್ವ್ ಬಿಗಿದು ಹರಿವು ಇಳಿಸಿಕೊಂಡಿದ್ದರು. ಅದರ ಜಾಗಕ್ಕೆ ಅದೇ ಹರಿವು ಕೊಡುವ 8 ವ್ಯಾಟಿನದು ಬಂತು.

ಇಷ್ಟಾದ ಮೇಲೆ ಸ್ವಚ್ಛತೆ. ರೋಗ ತಗುಲಿದ ಗಿಡಗಳನ್ನೆಲ್ಲ ಕಿತ್ತು, ದ್ರಾವಣ ಚೆಲ್ಲಿ, ತೆಳುಮಾಡಿದ ಬ್ಲೀಚ್ ದ್ರಾವಣವನ್ನು ಪೈಪು, ಟ್ಯಾಂಕು, ಪಂಪುಗಳ ಮೂಲಕ ಓಡಿಸಿ, ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆದರು. ಈ ಅನುಕ್ರಮ ಮುಖ್ಯ. ತಾಪಮಾನ ಹತೋಟಿಗೆ ಬರುವ ಮುಂಚೆ ತೊಳೆದರೆ, ಹೊಸ ಸಸಿಯ ಜೊತೆಗೋ ಧೂಳಿನ ಜೊತೆಗೋ ರೋಗ ಮತ್ತೆ ಬಂದು ಅದೇ ಬಿಸಿನೀರಿನಲ್ಲಿ ಕೂರುತ್ತದೆ.

ಆಮೇಲಿನ ಅಳತೆ

ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ ಹೋಗುವ ನೀರಿಗೂ ಮರಳುವ ನೀರಿಗೂ ಅಂತರ 0.6ರಿಂದ 0.2ಕ್ಕೆ ಇಳಿಯಿತು. ಪಂಪು, ಟ್ಯಾಂಕಿನ ಗೋಡೆ ಎಲ್ಲ ಸೇರಿ ಒಳಬರುವ ಕಾವು ಈಗ 70 ವ್ಯಾಟಿನ ಆಸುಪಾಸು. ಬೆಳಗಿನ ನೀರು 22ರಿಂದ 23 ಡಿಗ್ರಿ, ಮಧ್ಯಾಹ್ನದ ಗರಿಷ್ಠ 27ರಿಂದ 28.

ಇಪ್ಪತ್ತೇಳು ಡಿಗ್ರಿ ಎಂದರೂ ಲೆಟ್ಯೂಸ್‌ಗೆ ಇನ್ನೂ ಹೆಚ್ಚೇ. ಐಸ್ ಬಾಟಲಿಗೆ ಬೆಲೆ ಬಂದದ್ದು ಈ ಹಂತದಲ್ಲಿ. ಒಳಬರುವ ಕಾವು ಗಂಟೆಗೆ 250 ಕಿಲೋಜೂಲ್ ಮಾತ್ರವಾದ್ದರಿಂದ ಮೊದಲು ಒಂದೂಕಾಲು ಗಂಟೆಗೆ ಮುಗಿಯುತ್ತಿದ್ದ ಅದೇ ಎರಡು ಬಾಟಲಿ ಈಗ ನಾಲ್ಕು ಗಂಟೆಯ ಹತ್ತಿರ ಬರುತ್ತವೆ. ಹನ್ನೊಂದಕ್ಕೆ ಒಂದು, ಒಂದು ಗಂಟೆಗೆ ಇನ್ನೊಂದು. ಗರಿಷ್ಠ 25ರ ಆಚೀಚೆ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಹಾಕುವುದಿಲ್ಲ. ನೀರು ದಿಢೀರನೆ ಇಳಿದು ಮತ್ತೆ ಏರುವುದಕ್ಕಿಂತ ನಿಧಾನಕ್ಕೆ ಏರುವುದು ಬೇರಿಗೆ ಹಿತ. ಚಿಲ್ಲರಿನ ಮಾತು ಮತ್ತೆ ಬರಲಿಲ್ಲ.

ಹಳೆಯ ಲೆಟ್ಯೂಸ್ ಉಳಿಯಲಿಲ್ಲ. ಹೊಸದಾಗಿ ನೆಟ್ಟ ಸಸಿಗಳ ಬೇರು ಬಿಳಿಯಾಗಿದೆ, ಟ್ಯಾಂಕಿನ ಮಟ್ಟ ಬಿಸಿಲಿಗೆ ತಕ್ಕಂತೆ ಇಳಿಯುತ್ತಿದೆ. ಸೆಕೆಯಲ್ಲಿ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಎಳೆಯುವುದರಿಂದ ಇಸಿ ತಾನಾಗಿ ಏರುತ್ತದೆ, ಹಾಗಾಗಿ ಆಕೆ ಈಗ ದ್ರಾವಣವನ್ನು 1.1ರ ಸುಮಾರಿಗೆ ಬೆರೆಸುತ್ತಾರೆ, ಅಳೆಯುವುದು ತಾಪಮಾನ ಸರಿಹೊಂದಿಸುವ ಮೀಟರಿನಲ್ಲಿ. ಒಂದೆರಡು ಗಿಡಗಳ ಒಳ ಎಲೆಗಳ ಅಂಚು ಕಂದಾಗಿದೆ. ಅದು ಕ್ಯಾಲ್ಸಿಯಂ ಎಳೆ ಎಲೆಯ ತುದಿ ತಲುಪದೆ ಆಗುವ ಟಿಪ್‌ಬರ್ನ್, ನೀರಿನ ತಾಪಮಾನ ಸರಿಪಡಿಸಿದರೂ ಗಾಳಿಯ ಸೆಕೆಯಲ್ಲಿ ಸ್ವಲ್ಪಮಟ್ಟಿಗೆ ಬಂದೇ ಬರುತ್ತದೆ.

ಪೂರ್ತಿ ಬಗೆಹರಿಯದೆ ಉಳಿದಿರುವುದು ಮೋಡ ಮುಚ್ಚಿದ, ತೇವ ತುಂಬಿದ ರಾತ್ರಿಗಳದ್ದು. ಆವಿಯಾಗುವಿಕೆ ನೀರನ್ನು ತಣಿಸಬಲ್ಲದ್ದು ಒದ್ದೆ ಬಲ್ಬ್ ತಾಪಮಾನದವರೆಗೆ, ಅಂದರೆ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ಮಟ್ಟದವರೆಗೆ ಮಾತ್ರ. ಗಾಳಿಯಲ್ಲಿ ತೇವ ತುಂಬಿದ್ದರೆ ಅದಕ್ಕೂ ಗಾಳಿಯ ತಾಪಮಾನಕ್ಕೂ ಅಂತರವೇ ಉಳಿಯುವುದಿಲ್ಲ, ಫ್ಯಾನ್ ಸುಮ್ಮನೆ ತಿರುಗುತ್ತದೆ. ಅಂಥ ರಾತ್ರಿಯ ಮರುದಿನ ನೀರು 25ರಿಂದಲೇ ದಿನ ಶುರು ಮಾಡುತ್ತದೆ. ಅದಕ್ಕಾಗಿ ಥರ್ಮಾಮೀಟರಿನ ಬಲ್ಬಿಗೆ ಒದ್ದೆ ಬತ್ತಿ ಸುತ್ತಿ ಸಂಜೆ ಒಮ್ಮೆ ನೋಡುತ್ತಾರೆ. 23ಕ್ಕಿಂತ ಮೇಲಿದ್ದರೆ ಫ್ಯಾನ್ ಹಾಕುವುದಿಲ್ಲ, ಫ್ರೀಜರಿಗೆ ಇನ್ನೆರಡು ಬಾಟಲಿ ಸೇರುತ್ತವೆ, ಮರುದಿನ ಮೊದಲ ಬಾಟಲಿ ಒಂಬತ್ತಕ್ಕೇ ಟ್ಯಾಂಕಿಗಿಳಿಯುತ್ತದೆ. ಮುಂದಿನ ಸಲ ಬಿಸಿಲು ಏರುವ ಮುಂಚೆ ಇನ್ನೊಂದು 60 ಲೀಟರಿನ ಟ್ಯಾಂಕು ಜೋಡಿಸುವ ಯೋಚನೆಯಿದೆ. ನೀರು ಇಮ್ಮಡಿಯಾದರೆ ಅದೇ ಕಾವಿಗೆ ಏರಿಕೆ ಅರ್ಧಕ್ಕಿಳಿಯುತ್ತದೆ. ಆದರೆ ರಾತ್ರಿ ತಣಿಸಬೇಕಾದ ನೀರೂ ಇಮ್ಮಡಿಯಾಗುವುದರಿಂದ, ಆ ತೇವದ ರಾತ್ರಿಗಳಲ್ಲಿ ಅದು ಎಷ್ಟು ನೆರವಾಗುತ್ತದೆ ಎನ್ನುವುದನ್ನು ಅಳೆದೇ ನೋಡಬೇಕು.